ಎಕ್ಸ್‌ಎಂಎಲ್‌ಗೆ ಹೋದ ಕೋಷ್ಟಕ ಕೆಡದೆ ಮರಳಬೇಕಾದರೆ

ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ನಮ್ಮದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಪ್ರಾಜೆಕ್ಟ್ ವರದಿ, ಟೆಂಡರ್ ಕಾಗದಗಳ ನಡುವೆ ಈಚೆಗೆ ವರ್ಡ್ ಕಡತಗಳನ್ನು ಎಕ್ಸ್‌ಎಂಎಲ್ (ಪಠ್ಯದ ಒಂದೊಂದು ಭಾಗಕ್ಕೂ ‘ಟ್ಯಾಗ್’ ಎಂಬ ಗುರುತು ಹಚ್ಚಿಡುವ ಕಡತ ಸ್ವರೂಪ) ಮಾಡಿಕೊಡುವ, ಎಕ್ಸ್‌ಎಂಎಲ್‌ನಿಂದ ಮತ್ತೆ ಪುಟ ಕಟ್ಟಿಕೊಡುವ ಕೆಲಸವೂ ಬರುತ್ತದೆ. ಹಾಗೆ ಬಂದದ್ದರಲ್ಲಿ ಒಂದು ಬಿತ್ತನೆ ಕೋಷ್ಟಕ. ಎಡಕ್ಕೆ ಜಿಲ್ಲೆ, ಪಕ್ಕದಲ್ಲಿ ತಾಲ್ಲೂಕು. ಆಮೇಲೆ ‘ಮುಂಗಾರು’ ಎಂಬ ಅಗಲವಾದ ತಲೆಬರಹದ ಕೆಳಗೆ ತೊಗರಿ, ಹೆಸರು, ಉದ್ದು. ‘ಹಿಂಗಾರು’ ಕೆಳಗೆ ಜೋಳ, ಕಡಲೆ. ಒಟ್ಟು 7 ಕಾಲಂ. ಕಲಬುರಗಿ ಜಿಲ್ಲೆಯ 11 ತಾಲ್ಲೂಕು, ಯಾದಗಿರಿಯ 6 ತಾಲ್ಲೂಕು. ಜಿಲ್ಲೆಯ ಹೆಸರು ಮಾತ್ರ ಒಂದೇ ಸಲ, ಉದ್ದಕ್ಕೆ ಮರ್ಜ್ ಮಾಡಿದ, ಅಂದರೆ ಹಲವು ಸಾಲು ಕೂಡಿಸಿ ಒಂದು ಮಾಡಿದ, ಸೆಲ್‌ನಲ್ಲಿ.

ಪ್ರಿಂಟ್ ತೆಗೆದುಕೊಂಡು ಹೋದವರು ಸಂಜೆಗೆ ತಿರುಗಿ ಬಂದರು. “ಏನ್ರೀ ಸರ, ಯಾದಗಿರಿನ್ನ ತಿರುಗಿ ಕಲಬುರಗಿ ಒಳಗ ಸೇರಿಸೀರಲ್ಲ? ಮತ್ತ ಈ ಶಹಾಪುರ, ಸುರಪುರ ಜಿಲ್ಲಾ ಯಾವಾಗ ಆದ್ವು?”

ಹಾಳೆ ನೋಡಿದೆ. ಕಲಬುರಗಿಯ ಸೆಲ್ ಒಂದು ಸಾಲು ಜಾಸ್ತಿ ಇಳಿದು ಯಾದಗಿರಿಯ ಮೊದಲ ಸಾಲನ್ನು ನುಂಗಿತ್ತು. ಜಿಲ್ಲೆಯ ಹೆಸರಾದ ‘ಯಾದಗಿರಿ’ ತಾಲ್ಲೂಕಿನ ಕಾಲಂಗೆ ಸರಿದಿತ್ತು, ತಾಲ್ಲೂಕಿನ ‘ಯಾದಗಿರಿ’ ತೊಗರಿಯ ಕೆಳಗೆ ಕೂತಿತ್ತು, ಕಡಲೆಯ ಅಂಕಿ ಕೋಷ್ಟಕದ ಆಚೆ ಬಿದ್ದಿತ್ತು. ಅದರ ಕೆಳಗಿನ ಐದೂ ಸಾಲುಗಳಲ್ಲಿ ತಾಲ್ಲೂಕುಗಳು ಖಾಲಿ ಇದ್ದ ಜಿಲ್ಲೆಯ ಜಾಗಕ್ಕೆ ಹೋಗಿ ಕೂತಿದ್ದವು. ತಪ್ಪೆಲ್ಲ ಒಂದೇ ಒಂದು ಅಂಕಿಯದು. ಕಡತ ಪರಿವರ್ತಿಸುವ ನನ್ನ ಸ್ಕ್ರಿಪ್ಟ್, ಅಂದರೆ ಪುಟ್ಟ ಪ್ರೋಗ್ರಾಂ, 10 ಬರೆಯಬೇಕಾದ ಕಡೆ 11 ಬರೆದಿತ್ತು. ಅದು ಯಾಕೆಂದು ಮುಂದೆ ಹೇಳುತ್ತೇನೆ. ಆ ದಿನದಿಂದ ಈ ಕೆಲಸಕ್ಕೆ ಒಂದು ಕ್ರಮ ಹಾಕಿಕೊಂಡಿದ್ದೇನೆ, ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಕ್ಷರ ನೋಡಿ, ಕೋಷ್ಟಕ ಆಮೇಲೆ

ನಮ್ಮ ಕಡೆ ಬರುವ ಹಳೆಯ ಕಡತಗಳಲ್ಲಿ ಬಹುಪಾಲು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿರುತ್ತವೆ, ಎಲ್ಲ ಭಾಷೆಯ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಯುನಿಕೋಡ್‌ನಲ್ಲಲ್ಲ. ಪರದೆಯ ಮೇಲೆ ಕನ್ನಡ ಕಾಣುತ್ತದೆ, ಆದರೆ ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಎಕ್ಸ್‌ಎಂಎಲ್‌ಗೆ ಫಾಂಟ್ ಗೊತ್ತಿಲ್ಲ, ಅದು ಸಂಕೇತವನ್ನಷ್ಟೇ ಹೊತ್ತೊಯ್ಯುತ್ತದೆ. ಹಾಗಾಗಿ ಪರಿವರ್ತನೆ ಆದ ಮೇಲೆ ಇಂಗ್ಲಿಷ್ ಅಕ್ಷರಕ್ಕೆ ಟೋಪಿ, ಬಾಲ ಹಚ್ಚಿದಂಥ ಕಲಸುಮೇಲೋಗರ ಕೈಗೆ ಬರುತ್ತದೆ.

ಇಡೀ ಕಡತವನ್ನು ಒಮ್ಮೆಗೇ ಯುನಿಕೋಡ್‌ಗೆ ತಿರುಗಿಸುವ ಆತುರ ಬೇಡ. ಕೋಷ್ಟಕದ ಒಂದೇ ಸೆಲ್‌ನಲ್ಲಿ ನುಡಿಯ ಕನ್ನಡವೂ ಟೈಮ್ಸ್ ನ್ಯೂ ರೋಮನ್‌ನ ಇಂಗ್ಲಿಷೂ ಇರಬಹುದು. ಎರಡನ್ನೂ ಪರಿವರ್ತಕದ ಬಾಯಿಗೆ ಕೊಟ್ಟರೆ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತವೆ. ವರ್ಡ್‌ನ ಡಾಕ್ಸ್ ಕಡತ ನಿಜದಲ್ಲಿ ಒಂದು ಜಿಪ್ ಗಂಟು. ಬಿಚ್ಚಿದರೆ ಒಳಗೆ ಡಾಕ್ಯುಮೆಂಟ್ ಎಂಬ ಎಕ್ಸ್‌ಎಂಎಲ್ ಸಿಗುತ್ತದೆ. ಅದರಲ್ಲಿ ಪಠ್ಯ ‘ರನ್’ ಎಂಬ ತುಂಡು ತುಂಡಾಗಿ ಇರುತ್ತದೆ, ಪ್ರತಿ ತುಂಡಿಗೂ ಫಾಂಟ್ ಯಾವುದೆಂಬ ಗುರುತು ಇರಬಹುದು. ತುಂಡಿನಲ್ಲಿ ಇಲ್ಲದಿದ್ದರೆ ಸ್ಟೈಲ್‌ನಲ್ಲಿ ಹುಡುಕಬೇಕು. ಫಾಂಟ್ ನುಡಿಯಾಗಿದ್ದ ತುಂಡನ್ನು ಮಾತ್ರ ತಿರುಗಿಸಿ.

ಇಲ್ಲೊಂದು ಸಣ್ಣ ಮುಳ್ಳಿದೆ. ವರ್ಡ್ ಒಂದೇ ಪದವನ್ನೂ ಎರಡು ಮೂರು ತುಂಡು ಮಾಡಿ ಇಟ್ಟಿರುತ್ತದೆ. ಕಾಗುಣಿತ ತಪಾಸಣೆ, ನಡುವೆ ಮಾಡಿದ ತಿದ್ದುಪಡಿ, ಯಾವುದಾದರೂ ನೆಪ ಸಾಕು. ನುಡಿಯ ಹಳೆಯ ಸಂಕೇತದಲ್ಲಿ ಅರ್ಕಾವತ್ತು ಅಕ್ಷರದ ನಂತರ ಬರುತ್ತದೆ, ಯುನಿಕೋಡ್‌ನಲ್ಲಿ ಅದೇ ರಕಾರ ಮೊದಲು ಬರಬೇಕು. ‘ಜೇವರ್ಗಿ’ಯ ಗಿ ಒಂದು ತುಂಡಿನಲ್ಲಿ, ಅರ್ಕಾವತ್ತು ಮುಂದಿನ ತುಂಡಿನಲ್ಲಿ ಇದ್ದರೆ ಪರಿವರ್ತಕಕ್ಕೆ ಎರಡನ್ನೂ ಕೂಡಿಸಲು ಬರುವುದಿಲ್ಲ. ಆದ್ದರಿಂದ ಒಂದೇ ಫಾಂಟ್‌ನ ಅಕ್ಕಪಕ್ಕದ ತುಂಡುಗಳನ್ನು ಮೊದಲು ಜೋಡಿಸಿ, ಆಮೇಲೆ ತಿರುಗಿಸಿ.

ತಿರುಗಿಸಿದ ಪಠ್ಯವನ್ನು ಯುನಿಕೋಡ್‌ನ ಎನ್‌ಎಫ್‌ಸಿ ರೂಪಕ್ಕೆ (ಒಂದೇ ಅಕ್ಷರವನ್ನು ಎಲ್ಲ ಕಡೆ ಒಂದೇ ಥರ ಬರೆಯುವ ರೂಪ) ತಂದುಬಿಡಿ. ‘ಸೇಡಂ’ನ ಏತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘ ಎಂದು ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಎರಡು ಬೇರೆ ಊರು. ತಾಲ್ಲೂಕಿನ ಹೆಸರು ಹಿಡಿದು ಎರಡು ಕೋಷ್ಟಕ ಜೋಡಿಸುವಾಗ ಸೇಡಂ ಒಂದೇ ಯಾಕೆ ಸಿಗುತ್ತಿಲ್ಲ ಎಂದು ನಾನು ಅರ್ಧ ದಿನ ತಲೆ ಕೆಡಿಸಿಕೊಂಡದ್ದುಂಟು.

ಕೋಷ್ಟಕದ ವೇಷ ಹಾಕಿದ್ದನ್ನು ಬದಿಗಿಡಿ

ಗೆರೆ ಕಂಡದ್ದೆಲ್ಲ ಕೋಷ್ಟಕವಲ್ಲ. ಲೆಟರ್‌ಹೆಡ್‌ನ ಲಾಂಛನ ಎಡಕ್ಕೆ, ವಿಳಾಸ ಬಲಕ್ಕೆ ಇರಲೆಂದು ಮಾಡಿದ ಗೆರೆಯಿಲ್ಲದ ಟೇಬಲ್, ಕೊನೆಯಲ್ಲಿ ಇಬ್ಬರ ಸಹಿಗೆಂದು ಮಾಡಿದ ಎರಡು ಸೆಲ್, ಇವು ಬರೀ ಜಾಗದ ಹೊಂದಾಣಿಕೆ. ಇವನ್ನು ಸಾಮಾನ್ಯ ಪ್ಯಾರಾ ಮಾಡಿ. ಇದಕ್ಕೆ ಉಲ್ಟಾ, ಟ್ಯಾಬ್ ಮತ್ತು ಸ್ಪೇಸ್ ಒತ್ತಿ ಒತ್ತಿ ಮಾಡಿದ ಪಟ್ಟಿ ನಿಜಕ್ಕೂ ಕೋಷ್ಟಕವೇ. ಅದನ್ನು ವರ್ಡ್‌ನಲ್ಲೇ ಟೇಬಲ್ ಮಾಡಿಕೊಂಡು ಮುಂದೆ ಹೋಗಿ. ಸ್ಕ್ರಿಪ್ಟ್‌ನಿಂದ ಊಹಿಸಲು ಹೋಗಬೇಡಿ, ಕೈಯಿಂದ ಮಾಡಿದರೆ ಐದು ನಿಮಿಷದ ಕೆಲಸ.

ಒಂದೇ ಕೋಷ್ಟಕ, ಎಣಿಕೆ ಮಾತ್ರ ಬೇರೆ ಬೇರೆ

ನಮ್ಮ ಬಿತ್ತನೆ ಕೋಷ್ಟಕವನ್ನೇ ತಗೊಳ್ಳಿ. ತಲೆಬರಹದ 2 ಸಾಲು, ತಾಲ್ಲೂಕಿನ 17 ಸಾಲು, ಒಟ್ಟು 19. ಕಾಲಂ 7. ಮರ್ಜ್ ಇಲ್ಲ ಎಂದುಕೊಂಡರೆ 133 ಜಾಗ. ಈಗ ಇದೇ ಕೋಷ್ಟಕ ಬೇರೆ ಬೇರೆ ಸ್ವರೂಪದ ಒಳಗೆ ಹೇಗಿರುತ್ತದೆಂದು ಎಣಿಸೋಣ.

ವೆಬ್ ಪುಟಗಳ ಎಚ್‌ಟಿಎಂಎಲ್ ಮತ್ತು ಅದರ ಎಕ್ಸ್‌ಎಂಎಲ್ ರೂಪವಾದ ಎಕ್ಸ್‌ಎಚ್‌ಟಿಎಂಎಲ್‌ನಲ್ಲಿ 113 ಸೆಲ್. ಇಲ್ಲಿ ಮರ್ಜ್ ಮಾಡಿದ ಸೆಲ್ ಒಂದೇ ಸಲ ಬರುತ್ತದೆ. ‘ರೋಸ್ಪ್ಯಾನ್’ ಎಷ್ಟು ಸಾಲು, ‘ಕೋಲ್‌ಸ್ಪ್ಯಾನ್’ ಎಷ್ಟು ಕಾಲಂ ಎಂದು ಹೇಳುತ್ತದೆ. ಅದರ ಅಡಿಗೆ ಬಿದ್ದ ಜಾಗಗಳ ಸುದ್ದಿಯೇ ಇರುವುದಿಲ್ಲ.

ವರ್ಡ್‌ನಲ್ಲಿ 130. ಅಡ್ಡ ಮರ್ಜ್ ಮಾತ್ರ ಎಚ್‌ಟಿಎಂಎಲ್ ಥರವೇ: ‘ಗ್ರಿಡ್‌ಸ್ಪ್ಯಾನ್’ 3 ಎಂದರೆ ಒಂದು ಸೆಲ್ ಮೂರು ಕಾಲಂ ಹಿಡಿದಿದೆ, ಉಳಿದೆರಡು ಇಲ್ಲ. ಉದ್ದದ ಮರ್ಜ್‌ನಲ್ಲಿ ಪ್ರತಿ ಸಾಲಿನಲ್ಲೂ ಒಂದು ಸೆಲ್ ಇದ್ದೇ ಇರುತ್ತದೆ. ಮೊದಲನೆಯದಕ್ಕೆ ‘ವಿಮರ್ಜ್’ ಗುರುತಿನ ಜತೆ ‘ರಿಸ್ಟಾರ್ಟ್’ ಎಂಬ ಬೆಲೆ ಇರುತ್ತದೆ. ಕೆಳಗಿನವಕ್ಕೆ ಸಾಮಾನ್ಯವಾಗಿ ಬೆಲೆಯೇ ಇಲ್ಲದ ಬರೀ ‘ವಿಮರ್ಜ್’, ಅಂದರೆ ಮೇಲಿನದರ ಮುಂದುವರಿಕೆ. ಒಟ್ಟು ಎಷ್ಟು ಸಾಲು ಎಂದು ಎಲ್ಲೂ ಬರೆದಿರುವುದಿಲ್ಲ, ನೀವೇ ಎಣಿಸಬೇಕು.

ವರ್ಡ್‌ನಂಥ ಕೆಲಸವನ್ನೇ ಮಾಡುವ ಲಿಬ್ರೆಆಫೀಸ್‌ನ ಓಡಿಎಫ್ ಕಡತದಲ್ಲಿ ಪೂರ್ತಿ 133. ಮುಚ್ಚಿಹೋದ ಪ್ರತಿ ಜಾಗಕ್ಕೂ ‘ಕವರ್ಡ್ ಟೇಬಲ್ ಸೆಲ್’ ಎಂಬ ಪ್ರತ್ಯೇಕ ಗುರುತು ಇರುತ್ತದೆ. ನನಗೆ ಇದೇ ಅತ್ಯಂತ ಪ್ರಾಮಾಣಿಕ ಲೆಕ್ಕ ಅನ್ನಿಸುತ್ತದೆ. ಒಂದು ತೊಡಕು ಮಾತ್ರ ಇದೆ: ಒಂದೇ ಥರದ ಸೆಲ್‌ಗಳು ಸಾಲಾಗಿ ಬಂದರೆ ‘ಇಷ್ಟು ಸಲ’ ಎಂದು ಒಂದೇ ಗುರುತಿನಲ್ಲಿ ಮುಗಿಸಬಹುದು. ಅದನ್ನು ಬಿಡಿಸಿಕೊಳ್ಳಬೇಕು. ಸ್ಪ್ರೆಡ್‌ಶೀಟ್ ಆಗಿದ್ದರೆ ಕೊನೆಯ ಖಾಲಿ ಸಾಲುಗಳನ್ನು ಬಿಡಿಸಬೇಡಿ, 10,48,576ರವರೆಗೆ ಹೋಗಿ ನಿಮ್ಮ ಯಂತ್ರ ಮಲಗಿಬಿಡುತ್ತದೆ.

ಇನ್ನು ಕ್ಯಾಲ್ಸ್ ಮಾದರಿ. ಅಮೆರಿಕದ ರಕ್ಷಣಾ ಇಲಾಖೆಯ ಕೈಪಿಡಿಗಳಿಗಾಗಿ 1980ರ ದಶಕದಲ್ಲಿ ಶುರುವಾದ ಯೋಜನೆಯಿಂದ ಬಂದದ್ದು. ಪುಸ್ತಕ, ಕೈಪಿಡಿಗಳಿಗೆ ಬಳಸುವ ಡಾಕ್‌ಬುಕ್‌ನಂಥ ಎಕ್ಸ್‌ಎಂಎಲ್ ಟ್ಯಾಗ್ ಪದ್ಧತಿಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಇಲ್ಲೂ ಸೆಲ್ 113. ಆದರೆ ಅಡ್ಡ ಮರ್ಜ್‌ಗೆ ಅಂಕಿ ಇಲ್ಲ, ‘ಈ ಹೆಸರಿನ ಕಾಲಂನಿಂದ ಆ ಹೆಸರಿನ ಕಾಲಂವರೆಗೆ’ ಎಂದು ಹೇಳುತ್ತದೆ. ಉದ್ದದ ಮರ್ಜ್‌ಗೆ ‘ಮೋರ್‌ರೋಸ್’, ಅಂದರೆ *ಇನ್ನೂ* ಎಷ್ಟು ಸಾಲು. ಕಲಬುರಗಿಯ 11 ಸಾಲಿಗೆ ರೋಸ್ಪ್ಯಾನ್ 11, ಮೋರ್‌ರೋಸ್ 10. ಯಾದಗಿರಿಗೆ 6 ಮತ್ತು 5. ನನ್ನ ಸ್ಕ್ರಿಪ್ಟ್ ರೋಸ್ಪ್ಯಾನ್‌ನ ಅಂಕಿಯನ್ನು ಮೋರ್‌ರೋಸ್‌ಗೆ ಹಾಗೇ ನಕಲು ಮಾಡಿತ್ತು, ಅಷ್ಟೇ. ತಲೆಬರಹದ ‘ಜಿಲ್ಲೆ’, ‘ತಾಲ್ಲೂಕು’ ಸೆಲ್‌ಗಳಲ್ಲೂ ಇದೇ ತಪ್ಪಿತ್ತು. ಪುಟ ಕಟ್ಟುವ ಸಾಫ್ಟ್‌ವೇರ್ ತಲೆಭಾಗದ ಗಡಿಯಲ್ಲೇ ಅದನ್ನು ಕತ್ತರಿಸಿ ಸುಮ್ಮನಾಗಿದ್ದರಿಂದ ನನ್ನ ಕಣ್ಣಿಗೆ ಬೀಳಲಿಲ್ಲ. ಜತೆಗೆ ಜಿಲ್ಲೆ, ಮೊದಲ ತಾಲ್ಲೂಕು ಎರಡರ ಹೆಸರೂ ಯಾದಗಿರಿ. ತಾಲ್ಲೂಕಿನ ಕಾಲಂನಲ್ಲಿ ಯಾದಗಿರಿ ಕಂಡಾಗ ಸರಿಯಾಗಿಯೇ ಇದೆ ಅನ್ನಿಸಿತು.

ಚುಕ್ಕಿ ಇಟ್ಟು ಆಮೇಲೆ ಗೆರೆ

ಒಂದು ಸ್ವರೂಪದಿಂದ ಇನ್ನೊಂದಕ್ಕೆ ನೇರವಾಗಿ ಹಾರಬಾರದು ಎಂಬುದು ನಾನು ಕಲಿತದ್ದು. ರಂಗೋಲಿ ಹಾಕುವವರು ಮೊದಲು ಚುಕ್ಕಿ ಎಣಿಸಿ ಇಡುತ್ತಾರಲ್ಲ, ಹಾಗೆ ಮೊದಲು 19 ಸಾಲು 7 ಕಾಲಂನ ಪೂರ್ತಿ ಜಾಲ ಹರಡಿಕೊಳ್ಳಿ. ಪ್ರತಿ ಸೆಲ್ ಎಲ್ಲಿ ಶುರು, ಎಷ್ಟು ಎತ್ತರ, ಎಷ್ಟು ಅಗಲ ಎಂದು ಬಿಡಿಸಿ ಬರೆಯಿರಿ. ನಾನು ಅದನ್ನು ಒಂದು ನಡುಗಡತದಲ್ಲಿ ಇಟ್ಟುಕೊಳ್ಳುತ್ತೇನೆ. ಎಕ್ಸ್‌ಎಂಎಲ್‌ನಲ್ಲಿ ಟ್ಯಾಗ್‌ನ ಹೆಸರು ಕನ್ನಡದಲ್ಲೇ ಇರಬಹುದು, 1998ರ ಮೊದಲ ಆವೃತ್ತಿಯಿಂದಲೂ ಅದಕ್ಕೆ ಅವಕಾಶವಿದೆ. ಮನೆಯೊಳಗಿನ ಕಡತಕ್ಕೆ ಕನ್ನಡವೇ ಯಾಕಾಗಬಾರದು?

<ಕೋಷ್ಟಕ ಸಾಲುಗಳು="19" ಕಾಲಂಗಳು="7" ತಲೆಸಾಲು="2">
  <ಮನೆ ಸಾಲು="1" ಕಾಲಂ="1" ಎತ್ತರ="2" ಅಗಲ="1">ಜಿಲ್ಲೆ</ಮನೆ>
  <ಮನೆ ಸಾಲು="1" ಕಾಲಂ="2" ಎತ್ತರ="2" ಅಗಲ="1">ತಾಲ್ಲೂಕು</ಮನೆ>
  <ಮನೆ ಸಾಲು="1" ಕಾಲಂ="3" ಎತ್ತರ="1" ಅಗಲ="3">ಮುಂಗಾರು</ಮನೆ>
  <ಮನೆ ಸಾಲು="1" ಕಾಲಂ="6" ಎತ್ತರ="1" ಅಗಲ="2">ಹಿಂಗಾರು</ಮನೆ>
  …
  <ಮನೆ ಸಾಲು="3" ಕಾಲಂ="1" ಎತ್ತರ="11" ಅಗಲ="1">ಕಲಬುರಗಿ</ಮನೆ>
  …
  <ಮನೆ ಸಾಲು="14" ಕಾಲಂ="1" ಎತ್ತರ="6" ಅಗಲ="1">ಯಾದಗಿರಿ</ಮನೆ>
  <ಮನೆ ಸಾಲು="14" ಕಾಲಂ="2" ಎತ್ತರ="1" ಅಗಲ="1">ಯಾದಗಿರಿ</ಮನೆ>
  …
</ಕೋಷ್ಟಕ>

ಕನ್ನಡ ಟ್ಯಾಗ್‌ಗೆ ಒಂದು ಎಚ್ಚರಿಕೆ: ಅರ್ಧಾಕ್ಷರ ಬಿಡಿಸಿ ತೋರಿಸಲು ನಾವು ಹಾಕುವ ಕಣ್ಣಿಗೆ ಕಾಣದ ಜೋಡಣೆ ತಡೆಯುವ ಗುರುತು ಹೆಸರಿನಲ್ಲಿ ಇರಕೂಡದು. ಎಕ್ಸ್‌ಎಂಎಲ್ ನಿಯಮದ 2008ರ ಐದನೇ ಆವೃತ್ತಿ ಅದನ್ನು ಒಪ್ಪುತ್ತದೆ, ಹಳೆಯ ನಿಯಮದ ಪಾರ್ಸರ್‌ಗಳು (ಎಕ್ಸ್‌ಎಂಎಲ್ ಓದುವ ಪ್ರೋಗ್ರಾಂಗಳು) ಒಪ್ಪುವುದಿಲ್ಲ. ಅದಕ್ಕೇ ನಾನು ‘ಸೆಲ್’ ಬಿಟ್ಟು ‘ಮನೆ’ ಇಟ್ಟುಕೊಂಡೆ. ಚೌಕಾಬಾರದ ಮನೆ ಇದ್ದಂತೆ.

ಜಾಲ ತುಂಬುವ ರೀತಿ ಎಚ್‌ಟಿಎಂಎಲ್‌ಗೂ ಕ್ಯಾಲ್ಸ್‌ಗೂ ಹೆಚ್ಚುಕಡಿಮೆ ಒಂದೇ. ಸಾಲಿನ ಎಡದಿಂದ ಹೊರಡಿ, ಇನ್ನೂ ಖಾಲಿ ಇರುವ ಮೊದಲ ಜಾಗ ಹುಡುಕಿ, ಸೆಲ್ ಇಡಿ, ಅದರ ಎತ್ತರ ಅಗಲದಷ್ಟು ಜಾಗವನ್ನೆಲ್ಲ ‘ಹಿಡಿದಿದೆ’ ಎಂದು ಗುರುತು ಮಾಡಿ. ಮುಂದಿನ ಸೆಲ್‌ಗೆ ಅದೇ ಕ್ರಮ. ಕ್ಯಾಲ್ಸ್‌ನಲ್ಲಿ ಕಾಲಂನ ಹೆಸರು ಕೊಟ್ಟಿದ್ದರೆ ಖಾಲಿ ಜಾಗ ಹುಡುಕದೆ ಆ ಕಾಲಂಗೇ ಹೋಗಿ. ಗುರುತು ಮಾಡುವಾಗ ಆ ಜಾಗ ಮೊದಲೇ ಹಿಡಿದಿದ್ದರೆ, ಅಥವಾ ಜಾಲದ ಆಚೆ ಹೋದರೆ, ಸ್ಕ್ರಿಪ್ಟ್ ಅಲ್ಲೇ ನಿಂತು ಕೂಗಬೇಕು. ಸುಮ್ಮನೆ ಸರಿಪಡಿಸಿಕೊಂಡು ಹೋಗುವ ಸ್ಕ್ರಿಪ್ಟ್ ನನಗೆ ಬೇಡ.

ವರ್ಡ್‌ಗೆ ಈ ರೀತಿ ಬೇಡ. ಅಲ್ಲಿ ಗ್ರಿಡ್‌ಸ್ಪ್ಯಾನ್‌ಗಳನ್ನು ಕೂಡುತ್ತ ಹೋದರೆ ಕಾಲಂ ಸಿಗುತ್ತದೆ. ಮುಂದುವರಿಕೆಯ ಸೆಲ್ ಸಿಕ್ಕಾಗ ಅದೇ ಕಾಲಂನಲ್ಲಿ ಶುರುವಾಗಿ ಅಷ್ಟೇ ಅಗಲವಿರುವ ಮೇಲಿನ ಸೆಲ್‌ನ ಎತ್ತರವನ್ನು ಒಂದು ಹೆಚ್ಚಿಸಿ. ಕೆಲವು ಸಾಲುಗಳು ಎಡದಲ್ಲಿ ಒಂದೆರಡು ಕಾಲಂ ಬಿಟ್ಟು ಶುರುವಾಗುತ್ತವೆ, ಅದಕ್ಕೆ ‘ಗ್ರಿಡ್‌ಬಿಫೋರ್’ ಎಂಬ ಗುರುತಿದೆ. ಮೌಸ್‌ನಿಂದ ಗೆರೆ ಎಳೆದಾಡಿದ ಕೋಷ್ಟಕಗಳಲ್ಲಿ ಅದು ಸಿಗುತ್ತದೆ, ಮರೆಯಬೇಡಿ.

ಕೊನೆಗೆ ಎಲ್ಲ ಮನೆಗಳ ಎತ್ತರವನ್ನು ಅಗಲದಿಂದ ಗುಣಿಸಿ ಕೂಡಿ. ನಮ್ಮ ಕೋಷ್ಟಕಕ್ಕೆ 133 ಬರಲೇಬೇಕು. ನನ್ನ ಕೆಟ್ಟ ಕಡತಕ್ಕೆ ಇದೇ ಲೆಕ್ಕ ಹಾಕಿದ್ದರೆ 137 ಬರುತ್ತಿತ್ತು: ತಲೆಬರಹದಲ್ಲಿ 2, ಜಿಲ್ಲೆಗಳಲ್ಲಿ 2 ಹೆಚ್ಚು. ಪ್ರಿಂಟ್‌ನ ಕಾಗದ ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು.

ಸೆಲ್‌ನ ಒಳಗೆ

ಕ್ರ.ಸಂ. ಕಾಲಂ ಖಾಲಿಯಾಗಿ ಬಂದರೆ ಗಾಬರಿಯಾಗಬೇಡಿ. ವರ್ಡ್‌ನ ಸ್ವಯಂ ಸಂಖ್ಯೆ ಬಳಸಿದ್ದರೆ 1, 2, 3 ಎಂಬುದು ಪಠ್ಯದಲ್ಲಿ ಇರುವುದೇ ಇಲ್ಲ, ‘ಇಲ್ಲಿ ಸಂಖ್ಯೆ ಹಾಕು’ ಎಂಬ ಆಜ್ಞೆ ಮಾತ್ರ ಇರುತ್ತದೆ. ಪರಿವರ್ತನೆಗೆ ಮೊದಲು ಅದನ್ನು ನಿಜವಾದ ಅಂಕಿ ಮಾಡಿ.

ಅಂಕಿಗಳಿಗೆ ಎರಡು ರೂಪ ಇಡಿ: ಕಾಣುವುದು ಒಂದು, ಲೆಕ್ಕಕ್ಕೆ ಒಂದು. ‘1,25,000’ ಎಂದಿರುವಲ್ಲಿ ಕಾಮಾ ತೆಗೆಯದೆ ಕೂಡಲಾಗದು. ‘೧೨೫’ ಎಂದು ಕನ್ನಡ ಅಂಕಿಯಿದ್ದರೆ ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಅದನ್ನು ಸಂಖ್ಯೆಯೆಂದು ಒಪ್ಪಿಕೊಳ್ಳುತ್ತದೆ, ಎಕ್ಸ್‌ಎಂಎಲ್‌ನ ರೂಪ ಬದಲಿಸುವ ಭಾಷೆಯಾದ ಎಕ್ಸ್‌ಎಸ್‌ಎಲ್‌ಟಿ ಒಪ್ಪುವುದಿಲ್ಲ. ಅಲ್ಲಿ ‘ಟ್ರಾನ್ಸ್‌ಲೇಟ್’ ಕಾರ್ಯದಿಂದ ಒಂದೊಂದು ಅಂಕಿಯನ್ನೂ ಬದಲಿಸಿ ಮುಂದೆ ಹೋಗಬೇಕು.

ಖಾಲಿ ಸೆಲ್, ಅಡ್ಡಗೆರೆ, ಸೊನ್ನೆ ಮೂರೂ ಒಂದಲ್ಲ. ಸೊನ್ನೆಯೆಂದರೆ ಬಿತ್ತಿಲ್ಲ. ಅಡ್ಡಗೆರೆ ಎಂದರೆ ಅನ್ವಯಿಸುವುದಿಲ್ಲ ಎಂದೋ, ಮಾಹಿತಿ ಬಂದಿಲ್ಲ ಎಂದೋ. ಯಾವುದೆಂದು ಕಡತ ಕೊಟ್ಟವರನ್ನೇ ಕೇಳಿ, ನೀವು ತೀರ್ಮಾನ ಮಾಡಬೇಡಿ. ‘ಸದರಿ’ ಎಂದು ಬರೆದ ಸೆಲ್‌ಗಳನ್ನು ನಡುಗಡತದಲ್ಲಿ ಹಾಗೇ ಬಿಟ್ಟು, ಲೆಕ್ಕದ ರೂಪದಲ್ಲಿ ಮಾತ್ರ ಮೇಲಿನ ಸಾಲಿನ ಬೆಲೆ ತುಂಬಿ.

ಷರಾ ಕಾಲಂ ಬೇರೆಯದೇ ಜಾತಿ. ಅದರಲ್ಲಿ ಎರಡು ಮೂರು ಪ್ಯಾರಾ, ಪಟ್ಟಿ, ಕೆಲವೊಮ್ಮೆ ಇನ್ನೊಂದು ಪುಟ್ಟ ಟೇಬಲ್ಲೇ ಇರುತ್ತದೆ. ಪ್ಯಾರಾಗಳನ್ನು ಪ್ಯಾರಾಗಳಾಗಿಯೇ ಒಯ್ಯಿರಿ, ಒಂದೇ ಸಾಲಾಗಿ ಅಂಟಿಸಬೇಡಿ. ಎಕ್ಸ್‌ಎಂಎಲ್ ಅಂದವಾಗಿ ಕಾಣಲೆಂದು ಇಂಡೆಂಟ್ ಮಾಡುವ ಬಟನ್ ಒತ್ತಿದರೆ ಸೆಲ್‌ನ ಒಳಗೂ ಸಾಲುಮುರಿತ, ಸ್ಪೇಸ್ ಸೇರಿಕೊಳ್ಳುತ್ತವೆ. ಆಸೆ ತಡೆದುಕೊಳ್ಳಿ.

ಯಾವ ಎಕ್ಸ್‌ಎಂಎಲ್?

ಪಡೆಯುವವರು ಏನು ಮಾಡುತ್ತಾರೆಂದು ಕೇಳಿ. ಹಾಳೆ ಇದ್ದಂತೆಯೇ ಮತ್ತೆ ಅಚ್ಚಾಗಬೇಕಿದ್ದರೆ ಎಕ್ಸ್‌ಎಚ್‌ಟಿಎಂಎಲ್ ಅಥವಾ ಕ್ಯಾಲ್ಸ್ ಕೊಡಿ. ಡಾಕ್‌ಬುಕ್ ಎರಡನ್ನೂ ಒಪ್ಪುತ್ತದೆ, ಒಂದೇ ಕೋಷ್ಟಕದಲ್ಲಿ ಎರಡನ್ನೂ ಬೆರೆಸಬೇಡಿ. ಅಂಕಿಗಳನ್ನು ಡೇಟಾಬೇಸ್‌ಗೆ ಹಾಕುವವರಿದ್ದರೆ ಸಾಲು, ಕಾಲಂ ಅವರಿಗೆ ಬೇಡವೇ ಬೇಡ. 17 ತಾಲ್ಲೂಕು, 5 ಬೆಳೆ, 85 ದಾಖಲೆ, ಒಂದೊಂದೂ ತನ್ನ ಕಾಲ ಮೇಲೆ ನಿಲ್ಲುವಂಥದ್ದು:

<ಬಿತ್ತನೆ ಜಿಲ್ಲೆ="ಯಾದಗಿರಿ" ತಾಲ್ಲೂಕು="ಸುರಪುರ" ಹಂಗಾಮು="ಮುಂಗಾರು" ಬೆಳೆ="ತೊಗರಿ" ಅಳತೆ="ಹೆಕ್ಟೇರ್">…</ಬಿತ್ತನೆ>

ಜಾಲ ಬಿಡಿಸಿದ್ದರೆ ಇದು ಸಲೀಸು. ಪ್ರತಿ ಜಾಗಕ್ಕೂ ಅದರ ಮೇಲಿನ ತಲೆಬರಹ, ಎಡದ ಜಿಲ್ಲೆ ತಾನಾಗಿ ಗೊತ್ತಿರುತ್ತದೆ. ಬೆಳೆಯ ಹೆಸರನ್ನೇ ಟ್ಯಾಗ್ ಮಾಡುವ ಚಟ ಕೆಲವರಿಗಿದೆ. ನಾಳೆ ಸೂರ್ಯಕಾಂತಿ ಸೇರಿದರೆ ಸ್ಕೀಮಾವನ್ನೇ, ಅಂದರೆ ಯಾವ ಟ್ಯಾಗ್ ಎಲ್ಲಿರಬೇಕೆಂಬ ನಿಯಮಪಟ್ಟಿಯನ್ನೇ, ಬದಲಿಸಬೇಕಾಗುತ್ತದೆ, ಅದಕ್ಕೇ ನಾನು ಒಲ್ಲೆ.

ಕಡತದ ಸ್ವರೂಪ ಬದಲಿಸುವ ಪ್ಯಾನ್‌ಡಾಕ್ ಸಾಫ್ಟ್‌ವೇರ್ ಬಳಸುವವರಿಗೆ ಒಂದು ಮಾತು. ಮರ್ಜ್ ಮಾಡಿದ ಸೆಲ್‌ಗಳಿಗೆ ಅದರ ಒಳಮಾದರಿಯಲ್ಲಿ ಜಾಗ ಸಿಕ್ಕಿದ್ದು 2020ರ 2.10 ಆವೃತ್ತಿಯಲ್ಲಿ. ಹಳೆಯದನ್ನು ಇಟ್ಟುಕೊಂಡಿದ್ದರೆ ಮೊದಲು ಹೊಸದು ಹಾಕಿಕೊಳ್ಳಿ. ಹೊಸದಿದ್ದರೂ, ಹೋಗಿ ಸೇರುವ ಸ್ವರೂಪಕ್ಕೇ ಮರ್ಜ್ ಗೊತ್ತಿಲ್ಲದಿದ್ದರೆ ಅದು ಉಳಿಯುವುದಿಲ್ಲ.

ಮರಳಿ ವರ್ಡ್‌ಗೆ

ಇದು ಮೊದಲಿನದಕ್ಕಿಂತ ಸುಲಭ, ನಾಲ್ಕು ಕಡೆ ಎಡವದಿದ್ದರೆ. ಪ್ರತಿ ಸೆಲ್‌ನಲ್ಲೂ ಕನಿಷ್ಠ ಒಂದು ಪ್ಯಾರಾ ಇರಲೇಬೇಕು, ಸೆಲ್ ಖಾಲಿಯಿದ್ದರೂ ಸರಿ. ಒಳಗೆ ಇನ್ನೊಂದು ಟೇಬಲ್ ಇದ್ದರೆ ಅದಾದ ಮೇಲೂ ಒಂದು ಖಾಲಿ ಪ್ಯಾರಾ ಬೇಕು. ಇಲ್ಲದಿದ್ದರೆ ವರ್ಡ್ ಕಡತವೇ ಕೆಟ್ಟಿದೆ ಎಂದು ಹಟ ಹಿಡಿಯುತ್ತದೆ. ಜಾಲದಲ್ಲಿ ಯಾದಗಿರಿ ಒಂದೇ ಮನೆಯಾಗಿದ್ದರೂ ವರ್ಡ್‌ಗೆ ಬರೆಯುವಾಗ ಆರು ಸೆಲ್ ಬರೆಯಬೇಕು, ಮೊದಲನೆಯದಕ್ಕೆ ರಿಸ್ಟಾರ್ಟ್, ಉಳಿದ ಐದಕ್ಕೆ ಮುಂದುವರಿಕೆ. ಕಾಲಂ ಅಗಲವನ್ನು ವರ್ಡ್ ಪಾಯಿಂಟ್‌ನ ಇಪ್ಪತ್ತನೇ ಒಂದು ಭಾಗದಲ್ಲಿ ಅಳೆಯುತ್ತದೆ: ಒಂದು ಇಂಚಿಗೆ 1440, ಒಂದು ಸೆಂಟಿಮೀಟರಿಗೆ ಸುಮಾರು 567. ನಡುಗಡತದಲ್ಲಿ ಅಗಲವನ್ನು ಅನುಪಾತವಾಗಿ ಇಟ್ಟುಕೊಂಡು ಇಲ್ಲಿ ಗುಣಿಸಿದರೆ ಎಲ್ಲ ಸ್ವರೂಪಕ್ಕೂ ಹೊಂದುತ್ತದೆ. ಇನ್ನು ತಲೆಬರಹದ ಎರಡೂ ಸಾಲಿಗೆ ‘ಟೇಬಲ್ ಹೆಡರ್’ ಗುರುತು ಹಾಕಿ. ಮೊದಲ ಸಾಲಿಗೆ ಮಾತ್ರ ಹಾಕಿದರೆ ಎರಡನೇ ಪುಟದಲ್ಲಿ ‘ಮುಂಗಾರು’ ಬರುತ್ತದೆ, ತೊಗರಿ ಯಾವುದು ಉದ್ದು ಯಾವುದು ಎಂದು ಓದುವವರು ಪುಟ ತಿರುಗಿಸುತ್ತ ಕೂಡಬೇಕು.

ಬರೆದದ್ದು ಸರಿಯಿದೆಯೇ ಎಂದು ನೋಡಲು ಲಿಬ್ರೆಆಫೀಸ್‌ನಲ್ಲಿ ತೆರೆದು ‘ಫ್ಲ್ಯಾಟ್ ಎಕ್ಸ್‌ಎಂಎಲ್’ ರೂಪದಲ್ಲಿ ಉಳಿಸಿ. ಜಿಪ್ ಬಿಚ್ಚುವ ತಾಪತ್ರಯವಿಲ್ಲದೆ ಇಡೀ ದಾಖಲೆ ಒಂದೇ ಎಕ್ಸ್‌ಎಂಎಲ್ ಕಡತವಾಗಿ ಕಣ್ಣೆದುರು ಬರುತ್ತದೆ.

ತಾಳೆ

ಹೋದ ಕಡತವನ್ನು ಮರಳಿ ತಂದು ಮತ್ತೆ ಜಾಲ ಬಿಡಿಸಿ. ಮೊದಲ ಜಾಲಕ್ಕೂ ಇದಕ್ಕೂ ಒಂದೊಂದು ಮನೆಯನ್ನೂ ಹೋಲಿಸಿ, ಕೊನೆಯ ಸ್ಪೇಸ್‌ಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯಬೇಡಿ. ಪ್ರತಿ ಬೆಳೆಯ ಕಾಲಂ ಕೂಡಿ, ಎರಡೂ ಕಡೆ ಮೊತ್ತ ಒಂದೇ ಬಂತೇ ನೋಡಿ. ಮೂಲದಲ್ಲಿ ‘ಒಟ್ಟು’ ಸಾಲಿದ್ದರೆ ಅದರೊಂದಿಗೂ ತಾಳೆ ಹಾಕಿ. ಆ ಮೊತ್ತವೇ ಮೂಲದಲ್ಲಿ ತಪ್ಪಿದ್ದರೆ ತಿದ್ದಬೇಡಿ, ಕೊಟ್ಟವರಿಗೆ ತಿಳಿಸಿ. ಹೆಸರುಗಳನ್ನು ಅಧಿಕೃತ ಪಟ್ಟಿಯೊಂದಿಗೆ ಹೊಂದಿಸಿ ನೋಡಿ. ಶಹಾಬಾದ್ ಕಲಬುರಗಿಯದು, ಶಹಾಪುರ ಯಾದಗಿರಿಯದು. ಬೀದರ್ ಸೇರಿದ ಕೋಷ್ಟಕವಾದರೆ ಕಮಲನಗರ ಅಲ್ಲಿಯದು, ಕಮಲಾಪುರ ಇಲ್ಲಿಯದು.

ಇಷ್ಟಾದ ಮೇಲೂ ನಾನು ಒಂದು ಪ್ರಿಂಟ್ ತೆಗೆಯುತ್ತೇನೆ. ಅಂಗಡಿಯ ಹುಡುಗ ಮೂಲ ಹಿಡಿದು ಗಟ್ಟಿಯಾಗಿ ಓದುತ್ತಾನೆ, ನಾನು ಸ್ಕೇಲ್ ಇಟ್ಟು ಸಾಲು ಹಿಡಿಯುತ್ತೇನೆ. ಎಲ್ಲವನ್ನೂ ಓದಿಸುವುದಿಲ್ಲ. ಪ್ರತಿ ಜಿಲ್ಲೆಯ ಮೊದಲ ಸಾಲು, ಕೊನೆಯ ಸಾಲು, ಪುಟ ಒಡೆದ ಜಾಗದ ಎರಡು ಸಾಲು. “ಯಾದಗಿರಿ, ಯಾದಗಿರಿ” ಎಂದು ಎರಡು ಸಲ ಹೇಳಿಸಿಕೊಂಡ ಮೇಲೇ ತೊಗರಿಯ ಅಂಕಿಗೆ ಹೋಗುತ್ತೇವೆ.